ರಿಜೆಕ್ಷನ್ ಪುಸ್ತಕದಲ್ಲಿ ಯಾರ ಹೆಸರು?

"ಕೀ ಕೊಡ್ತೀರಿ, ಸಂತೋಷ. ಆದ್ರೆ ನಾಳೆ ಜಾಬ್ ಹೋದ್ರೆ ರಿಜೆಕ್ಷನ್ ಬುಕ್ಕಲ್ಲಿ ಯಾರ ಹೆಸ್ರು ಬರೀತೀರಿ ಸರ್?"

ಪೀಣ್ಯ ಎರಡನೇ ಹಂತದ ನಮ್ಮ ಕಾರ್ಖಾನೆಯಲ್ಲಿ, ವಯಸ್ಸಿನಲ್ಲಿ ನನಗಿಂತ ಹನ್ನೆರಡು ವರ್ಷ ದೊಡ್ಡವರಾದ ಆಪರೇಟರೊಬ್ಬರು ಕೆಲವು ವರ್ಷಗಳ ಹಿಂದೆ, ಮೇಲ್ವಿಚಾರಕನಾದ ನನಗೆ ಈ ಪ್ರಶ್ನೆ ಕೇಳಿದ್ದರು. ಜಾಬ್ ಎಂದರೆ ಯಂತ್ರದಲ್ಲಿ ತಯಾರಾಗುವ ತುಂಡು, ಕೆಟ್ಟುಹೋದ ತುಂಡುಗಳನ್ನು ಬರೆದಿಡುವುದು ರಿಜೆಕ್ಷನ್ ಬುಕ್ಕಿನಲ್ಲಿ. ನಾನು ಅವರನ್ನು ಅಣ್ಣ ಎನ್ನುತ್ತೇನೆ, ಅವರು ನನ್ನನ್ನು ಸರ್ ಎನ್ನುತ್ತಾರೆ. ನಮ್ಮಲ್ಲಿ ಇದರಲ್ಲಿ ವಿಶೇಷವೇನೂ ಇಲ್ಲ. ಆ ಹೊತ್ತಿಗೆ ನಾನು ಕೊಟ್ಟ ಉತ್ತರ ತಪ್ಪಾಗಿತ್ತು. ತಪ್ಪೆಂದು ತಿಳಿಯಲು ಐದು ವಾರ ಬೇಕಾಯಿತು, ತಿದ್ದಿಕೊಳ್ಳಲು ಒಂದು ವರ್ಷದ ಮೇಲೆ ಹಿಡಿಯಿತು. ಕೈಕೆಳಗಿನವರೊಂದಿಗೆ ಅಧಿಕಾರ ಹಂಚಿಕೊಳ್ಳಬೇಕು ಎಂಬ ಮಾತನ್ನು ತರಬೇತಿಯಲ್ಲಿ ಕೇಳಿ, ತಲೆಯಾಡಿಸಿ, ಅಲ್ಲಿ ಕೊಟ್ಟ ಬಿಸ್ಕತ್ತು ತಿಂದು ಬಂದವರಲ್ಲಿ ನಾನೂ ಒಬ್ಬ. ಹಂಚಲು ಕೂತಾಗ ಎದುರಾದದ್ದು ಮಾತ್ರ ಆ ತರಬೇತಿಯ ಯಾವ ಹಾಳೆಯಲ್ಲೂ ಇರಲಿಲ್ಲ.

ವಿಷಯ ಒಂದು ಸಣ್ಣ ಕೀಲಿಯದು. ಸಿಎನ್‌ಸಿ ಲೇತ್, ಅಂದರೆ ಪ್ರೋಗ್ರಾಂ ಹಾಕಿ ಲೋಹ ಕೊರೆಯುವ ಯಂತ್ರ, ಕಂಡವರಿಗೆ ಅದು ಗೊತ್ತಿರುತ್ತದೆ: ಕಂಟ್ರೋಲ್ ಪ್ಯಾನೆಲ್‌ನ ಮೂಲೆಯಲ್ಲಿ, ಬೀರುವಿನ ಒಳಖಾನೆಗೆ ಹಾಕುವಷ್ಟು ಪುಟ್ಟ ಕೀಲಿಯ ಒಂದು ಸ್ವಿಚ್. ಅದು ಮುಚ್ಚಿದ್ದರೆ ಪ್ರೋಗ್ರಾಂ ತಿದ್ದಲು ಬರುವುದಿಲ್ಲ. ನಮ್ಮಲ್ಲಿ ಟೂಲ್ ಆಫ್‌ಸೆಟ್ ಕೂಡ ಅದರ ಕಾವಲಿನಲ್ಲೇ ಇತ್ತು, ಅಂದರೆ ಕೊರೆಯುವ ಟೂಲಿನ ತುದಿಯನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸುವ ಅಂಕಿ. ನಾವು ಮಾಡುವ ಒಂದು ಬಿಡಿಭಾಗದಲ್ಲಿ 35 ಮಿಲಿಮೀಟರಿನ ಬೋರ್, ಅಂದರೆ ಕೊರೆದ ತೂತು, ಇದೆ, ಡ್ರಾಯಿಂಗಿನಲ್ಲಿ ಎಚ್7 ಎಂದು ಬರೆದಿದೆ, ಅಂದರೆ ಅಳತೆ 35.000ರಿಂದ 35.025ರ ಒಳಗೆ ನಿಲ್ಲಬೇಕು. ಇಪ್ಪತ್ತೈದು ಮೈಕ್ರಾನ್ ಎಂದರೆ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಕೊರೆಯುತ್ತ ಕೊರೆಯುತ್ತ, ಲೋಹ ಕತ್ತರಿಸುವ ಬಿಲ್ಲೆಯಾದ ಇನ್ಸರ್ಟ್‌ನ ಮೂತಿ ಸವೆಯುತ್ತದೆ, ಸವೆದಂತೆ ಬೋರ್ ಕಿರಿದಾಗುತ್ತ ಬರುತ್ತದೆ. ಆಗ ಯಾರಾದರೂ ಆಫ್‌ಸೆಟ್‌ಗೆ ಐದೋ ಹತ್ತೋ ಮೈಕ್ರಾನ್ ಕೊಟ್ಟು ಸರಿಮಾಡಬೇಕು. ಆ ಯಾರಾದರೂ ಎಂದರೆ ನಾನು. ನಾಲ್ಕು ಯಂತ್ರಗಳ ನಾಲ್ಕು ಕೀಲಿಗಳೂ ನನ್ನ ಬೆಲ್ಟಿನಲ್ಲಿ ತೂಗುತ್ತಿದ್ದವು.

ದಿನಕ್ಕೆ ಇಪ್ಪತ್ತು ಸಲವಾದರೂ "ಸಾರ್, ಬೋರ್ ಟೈಟ್ ಆಗ್ತಿದೆ" ಎಂಬ ಕೂಗು ಬರುತ್ತಿತ್ತು. ಹೋಗಿ, ಡಯಲ್ ಬೋರ್ ಗೇಜಿನ ಮುಳ್ಳು ನೋಡಿ, ಕೀಲಿ ತಿರುಗಿಸಿ, ಅಂಕಿ ಹೊಡೆದು, ಮತ್ತೆ ಮುಚ್ಚಿ ಬರುತ್ತಿದ್ದೆ. ಎಷ್ಟು ಕೊಡಬೇಕೆಂಬುದು ನನಗಿಂತ ಮೊದಲು ಆಪರೇಟರಿಗೇ ಗೊತ್ತಿರುತ್ತಿತ್ತು. ಮುಳ್ಳನ್ನು ದಿನವಿಡೀ ನೋಡುವವರು ಅವರು, ಇನ್ಸರ್ಟ್‌ನ ಸದ್ದು ಬದಲಾದದ್ದು ಮೊದಲು ಕೇಳುವುದೂ ಅವರಿಗೆ. "ಎಂಟು ಕೊಟ್ರೆ ಸಾಕು ಸರ್" ಎಂದು ಅವರು ಮೆಲ್ಲಗೆ ಹೇಳುತ್ತಿದ್ದರು, ನಾನು ಯೋಚಿಸಿದವನಂತೆ ಒಂದು ಕ್ಷಣ ಸುಮ್ಮನಿದ್ದು ಎಂಟೇ ಕೊಡುತ್ತಿದ್ದೆ. ಈ ನಾಟಕ ಇಬ್ಬರಿಗೂ ಗೊತ್ತಿತ್ತು. ರಾತ್ರಿ ಪಾಳಿಯಲ್ಲಿ ಕೀಲಿ ಯಂತ್ರ ಸಿದ್ಧಪಡಿಸುವ ಸೆಟ್ಟರ್ ಹುಡುಗನ ಬಳಿ ಇದ್ದರೂ ನನಗೆ ಫೋನ್ ಮಾಡದೆ ಮುಟ್ಟಬಾರದೆಂಬ ಕಟ್ಟಪ್ಪಣೆ ಇತ್ತು. ರಾತ್ರಿ ಎರಡಕ್ಕೆ ಫೋನ್ ಬಂದರೆ ಮನೆಯಲ್ಲಿ ಬೈಯುತ್ತಿದ್ದರು, ನಾನೂ ಗೊಣಗುತ್ತಿದ್ದೆ. ಆದರೆ ಈಗ ಒಪ್ಪಿಕೊಳ್ಳುವುದಾದರೆ, ಆ ಗೊಣಗಾಟದ ಒಳಗೊಂದು ಹಿತವಿತ್ತು. ನಾನಿಲ್ಲದೆ ನಡೆಯುವುದಿಲ್ಲ ಎಂಬ ಹಿತ. ಮೇಲ್ವಿಚಾರಕನಿಗೆ ಸಂಬಳದ ಜೊತೆ ಕೈಗೆ ಬರುವ, ಯಾವ ಪೇ ಸ್ಲಿಪ್ಪಿನಲ್ಲೂ ಕಾಣದ ಭತ್ಯೆ ಅದು.

ಕೀಲಿಯನ್ನು ಬಿಟ್ಟುಕೊಡಲು ಕಾರಣವಾದದ್ದು ನನ್ನ ದೊಡ್ಡತನ ಎಂದು ಯಾರೂ ತಿಳಿಯಬಾರದು. ನಾನು ಒಂದು ವಾರ ಜ್ವರದಲ್ಲಿ ಮಲಗಿದ್ದೆ. ಯಂತ್ರಗಳು ಕಾದು ನಿಂತ ಹೊತ್ತನ್ನು ಲೆಕ್ಕ ಹಾಕಿದ ಮಾಲೀಕರು, ಇದಕ್ಕೊಂದು ದಾರಿ ನೋಡಿ ಎಂದರು. ನೋಡಿದೆ. ನಾಲ್ವರು ಆಪರೇಟರುಗಳನ್ನು ಕರೆದು ಒಬ್ಬೊಬ್ಬರಿಗೆ ಒಂದೊಂದು ಕೀಲಿ ಕೊಟ್ಟೆ. ಇನ್ನು ಮೇಲೆ ಆಫ್‌ಸೆಟ್ ನಿಮ್ಮ ತೀರ್ಮಾನ ಎಂದೆ. ಆಗಲೇ ಅಣ್ಣ ಆ ಪ್ರಶ್ನೆ ಕೇಳಿದ್ದು.

"ಯಾರು ಮಾಡಿದ್ರೋ ಅವರ ಹೆಸರೇ ಅಣ್ಣ. ಅಧಿಕಾರ ಬಂದ ಮೇಲೆ ಜವಾಬ್ದಾರಿನೂ ಬರುತ್ತಲ್ಲ" ಎಂದೆ. ಬಿಸ್ಕತ್ತಿನ ಜೊತೆ ಸಿಕ್ಕಿದ್ದ ವಾಕ್ಯ ಅದು. ಅವರು ಏನೂ ಹೇಳದೆ ಕೀಲಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡರು.

ಹನ್ನೊಂದು ತುಂಡು

ಐದನೇ ವಾರದಲ್ಲಿ ಅವರದೇ ಯಂತ್ರದಲ್ಲಿ ಹನ್ನೊಂದು ತುಂಡು ಹೋದವು. ಹೇಗೆ ಹೋದವೆಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನನ್ನ ಪಾಠವೆಲ್ಲ ಆ ಬಿಡಿಸುವಿಕೆಯಲ್ಲೇ ಇತ್ತು, ನಾನು ಅಂದು ಬಿಡಿಸಿ ನೋಡಲಿಲ್ಲ. ಆಫ್‌ಸೆಟ್ ಪರದೆಯಲ್ಲಿ ಮೈನಸ್ 0.060 ಎಂದು ಇತ್ತು. ಅದಕ್ಕೆ ಹತ್ತು ಮೈಕ್ರಾನ್ ಕೂಡಿಸಬೇಕಿತ್ತು. ಪರದೆಯ ಕೆಳಗಿನ ಪ್ಲಸ್ ಇನ್‌ಪುಟ್ ಒತ್ತಿದರೆ ಹೊಡೆದ ಅಂಕಿ ಹಳೆಯದಕ್ಕೆ ಕೂಡಿಕೊಂಡು ಮೈನಸ್ 0.050 ಆಗುತ್ತದೆ, ಕೀಬೋರ್ಡಿನ ಇನ್‌ಪುಟ್ ಗುಂಡಿ ಒತ್ತಿದರೆ ಹಳೆಯದು ಅಳಿಸಿ ಹೊಸ ಅಂಕಿಯೇ ಕೂರುತ್ತದೆ. ಅವರು ಒತ್ತಿದ್ದು ಎರಡನೆಯದನ್ನು. ಹತ್ತು ಮೈಕ್ರಾನ್ ಹಿಗ್ಗಬೇಕಾದ ಬೋರ್ ಎಪ್ಪತ್ತು ಮೈಕ್ರಾನ್ ಹಿಗ್ಗಿತು. ಬೋರ್ ಕಿರಿದಾದರೆ ಇನ್ನೊಮ್ಮೆ ಕೊರೆದು ಉಳಿಸಿಕೊಳ್ಳಬಹುದು, ಹಿಗ್ಗಿದ್ದಕ್ಕೆ ಮದ್ದಿಲ್ಲ, ಅದು ನೇರ ಸ್ಕ್ರ್ಯಾಪ್. ಮುಂದಿನ ತುಂಡನ್ನು ಅಳೆದಿದ್ದರೆ ಒಂದರಲ್ಲೇ ಗೊತ್ತಾಗುತ್ತಿತ್ತು. ಅಳೆಯುವ ಹೊತ್ತಿಗೆ ಪಕ್ಕದ ಯಂತ್ರದಲ್ಲಿ ಲೋಹದ ಚೂರು ಹೊರಗೆ ಸಾಗಿಸುವ ಚಿಪ್ ಕನ್ವೇಯರ್ ಸಿಕ್ಕಿಕೊಂಡು ಅಲಾರಂ ಹೊಡೆಯಿತು, ಅವರು ಅಲ್ಲಿಗೆ ಓಡಿದರು. ಇಲ್ಲಿಗೆ ಬಂದು ಒಂದು ತುಂಡು ಬದಲಿಸುವುದು, ಮತ್ತೆ ಅಲ್ಲಿಗೆ ಓಡಿ ಕೈಹಾಕುವುದು, ಹೀಗೆ ಹನ್ನೊಂದಾಯಿತು.

ಪಕ್ಕದ ಯಂತ್ರವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಒಬ್ಬರಿಗೆ ಎರಡು ಯಂತ್ರ ಎಂದು ಆ ವಾರ ತೀರ್ಮಾನ ಮಾಡಿದ್ದವನು ನಾನು. ಅದನ್ನು ಅವರ ಬಳಿ ಕೇಳಿರಲಿಲ್ಲ, ಹೇಳಿದ್ದೆನಷ್ಟೆ.

ರಿಜೆಕ್ಷನ್ ಪುಸ್ತಕ ಎಂಬುದು ಕೆಂಪು ಬೆನ್ನಿನ ಉದ್ದನೆಯ ರಿಜಿಸ್ಟರ್. ತಾರೀಖು, ಯಂತ್ರದ ನಂಬರು, ಜಾಬ್, ಸಂಖ್ಯೆ, ಕಾರಣ, ಆಪರೇಟರ್ ಎಂದು ಸ್ಕೇಲು ಹಿಡಿದು ಗೆರೆ ಎಳೆದ ಕಾಲಮ್ಮುಗಳು. ಮಾಲೀಕರು ಬಂದು ಟ್ರೇಯಲ್ಲಿದ್ದ ಹನ್ನೊಂದನ್ನೂ ಒಂದೊಂದಾಗಿ ಎತ್ತಿ ನೋಡಿ, ಏನೂ ಬೈಯದೆ ಹೋದರು. ಅದು ಬೈಗುಳಕ್ಕಿಂತ ಖಾರವಾಗಿತ್ತು. ನಾನು ಪುಸ್ತಕ ತೆಗೆದು ಕಾರಣದ ಕಾಲಮ್ಮಿನಲ್ಲಿ "ಆಪರೇಟರ್ ನಿರ್ಲಕ್ಷ್ಯ" ಎಂದು ಬರೆದೆ, ಪಕ್ಕದಲ್ಲಿ ಅಣ್ಣನ ಹೆಸರು ಬರೆದೆ. ಅವರು ಎದುರಿಗೇ ನಿಂತಿದ್ದರು. ಕೈ ನಡುಗಲಿಲ್ಲ, ನಡುಗಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಮರುದಿನ ಬೆಳಿಗ್ಗೆ ನನ್ನ ಮೇಜಿನ ಮೇಲೆ, ಎಣ್ಣೆ ಒರೆಸುವ ವೇಸ್ಟ್ ಬಟ್ಟೆಯ ಒಂದು ಚೂರನ್ನು ಹಾಸಿ, ಅದರ ಮೇಲೆ ನಾಲ್ಕು ಕೀಲಿಗಳನ್ನು ಸಾಲಾಗಿ ಇಟ್ಟಿದ್ದರು. ಅವರದೊಂದೇ ಅಲ್ಲ, ನಾಲ್ವರದೂ. ಯಾರೂ ಏನೂ ಹೇಳಲಿಲ್ಲ, ಮುಖ ಗಂಟಿಕ್ಕಲಿಲ್ಲ. ಒಂಬತ್ತೂವರೆಗೆ ಮೊದಲ ಕೂಗು ಬಂತು: "ಸಾರ್, ಬೋರ್ ಟೈಟ್ ಆಗ್ತಿದೆ, ಸ್ವಲ್ಪ ದಯವಿಟ್ಟು ಬರ್ತೀರಾ?" ದಯವಿಟ್ಟು ಎಂಬ ಮಾತು ನಮ್ಮ ಶಾಪ್ ಫ್ಲೋರಿನಲ್ಲಿ ಅದಕ್ಕೆ ಮುಂಚೆ ಯಾರ ಬಾಯಲ್ಲೂ ಬಂದದ್ದನ್ನು ನಾನು ಕೇಳಿರಲಿಲ್ಲ.

ಮೊದಮೊದಲು ನನಗೆ ಸಿಟ್ಟೇ ಬಂತು. ಕೊಟ್ಟರೂ ಬೇಡವೆನ್ನುವವರಿಗೆ ಏನು ಮಾಡುವುದು, ಇವರಿಗೆ ಜವಾಬ್ದಾರಿ ಬೇಕಿಲ್ಲ, ಸಂಜೆಯಾದರೆ ಸಾಕು ಎಂದು ಎಲ್ಲ ಸೂಪರ್‌ವೈಸರುಗಳೂ ಟೀ ಅಂಗಡಿಯ ಮುಂದೆ ನಿಂತು ಆಡುವ ಮಾತನ್ನೇ ನಾನೂ ಆಡಿದೆ. ಹಲವು ದಿನಗಳ ಮೇಲೆ ಬೇರೆ ಯಾವುದಕ್ಕೋ ಪುಸ್ತಕ ತೆರೆದಾಗ ನನ್ನದೇ ಅಕ್ಷರ ಕಣ್ಣಿಗೆ ಬಿತ್ತು. ಆ ಸಾಲಿನಲ್ಲಿ ಎರಡು ಯಂತ್ರದ ಸಂಗತಿಯೇ ಇರಲಿಲ್ಲ. ನಾನು ಹಂಚಿದ ತೀರ್ಮಾನದ ಫಲ ಹೆಸರು ಸಮೇತ ದಾಖಲಾಗಿತ್ತು. ನನ್ನಲ್ಲೇ ಇಟ್ಟುಕೊಂಡ ತೀರ್ಮಾನದ ಫಲಕ್ಕೆ ಒಂದು ಕಾಲಮ್ಮೂ ಇರಲಿಲ್ಲ. ಅಣ್ಣ ಕೀಲಿ ತೆಗೆದುಕೊಳ್ಳುವ ಮುಂಚೆಯೇ ಕೇಳಿದ್ದು ಇದನ್ನೇ. ಇಪ್ಪತ್ತೆರಡು ವರ್ಷ ಯಂತ್ರದ ಮುಂದೆ ನಿಂತವರಿಗೆ ಯಾವ ಪುಸ್ತಕದಲ್ಲಿ ಯಾರ ಹೆಸರಿಗೆ ಜಾಗವಿದೆ, ಯಾರದಕ್ಕಿಲ್ಲ ಎಂಬುದು ನನಗಿಂತ ಚೆನ್ನಾಗಿ ಗೊತ್ತಿತ್ತು.

ಸುಮಾರು ಅದೇ ಕಾಲಕ್ಕೆ ನಮ್ಮ ಗಿರಾಕಿಯೊಬ್ಬರ ಕಡೆಯಿಂದ ಕ್ವಾಲಿಟಿಯವರು ಬಂದು ಒಂದು ಮಧ್ಯಾಹ್ನ ಟೊಯೋಟಾ ಪದ್ಧತಿಯ ಬಗ್ಗೆ ಮಾತಾಡಿದರು. ಟೊಯೋಟಾ ಕಾರ್ಖಾನೆಯಿರುವ ಬಿಡದಿ ಪಕ್ಕದಲ್ಲೇ ಇರುವುದರಿಂದ ನಮ್ಮ ಸುತ್ತಿನವರಿಗೆ ಆ ಹಗ್ಗದ ಕಥೆ ಹೊಸದೇನಲ್ಲ: ಲೈನಿನಲ್ಲಿರುವ ಯಾವ ಕೆಲಸಗಾರನೂ ತೊಂದರೆ ಕಂಡರೆ ಹಗ್ಗ ಎಳೆಯಬಹುದು, ತೊಂದರೆ ನಿಗದಿತ ಹೊತ್ತಿನೊಳಗೆ ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ. ಸಕಿಚಿ ಟೊಯೋಡಾ ಎಂಬುವರು ನೂಲು ಕಡಿದರೆ ತಾನಾಗಿ ನಿಲ್ಲುವ ಮಗ್ಗ ಮಾಡಿದ್ದರಿಂದ ಆ ಯೋಚನೆ ಬೆಳೆಯಿತಂತೆ. ನಾನು ಅದುವರೆಗೆ ಈ ಕಥೆಯನ್ನು ಹಗ್ಗದ ಕಥೆಯೆಂದೇ ತಿಳಿದಿದ್ದೆ. ಹಗ್ಗ ಎಳೆದ ಕೂಡಲೇ ಟೀಮ್ ಲೀಡರ್ ಅಲ್ಲಿಗೆ ಬರುತ್ತಾನೆ, ಬರುವುದು ಕೈಜೋಡಿಸಲಿಕ್ಕೆ ಎಂಬ ಭಾಗವನ್ನು ಅಂದು ಮೊದಲ ಸಲ ಕಿವಿಗೊಟ್ಟು ಕೇಳಿದೆ. ಹಗ್ಗವನ್ನು ಯಾರು ಬೇಕಾದರೂ ಕಟ್ಟಬಹುದು, ಎಳೆದ ಮೇಲೆ ಓಡಿ ಬರುವವನು ಪೆನ್ನು ಹಿಡಿದು ಬಂದರೆ ಇನ್ನೊಮ್ಮೆ ಅದನ್ನು ಯಾರೂ ಮುಟ್ಟುವುದಿಲ್ಲ.

ಆಮೇಲೆ ನಾನು ನಾಲ್ವರನ್ನೂ ಕೂರಿಸಿಕೊಂಡು, ಆ ಹನ್ನೊಂದರ ಸಾಲನ್ನು ಹೊಡೆದುಹಾಕಿ, ಹೇಗೆ ಬರೆಯಬೇಕಿತ್ತು ಹೇಳಿ ಎಂದೆ. ಬಹಳ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಚಿಕ್ಕವನೊಬ್ಬ, "ಎರಡು ಮೆಷಿನ್ ಇತ್ತು ಅಂತ ಬರೀರಿ ಸರ್, ಸಾಕು" ಎಂದ. ಅಣ್ಣ ಅವನನ್ನು ಗದರಿಸುವಂತೆ ನೋಡಿದರು, ಆದರೆ ಮಾತು ಬಿದ್ದಾಗಿತ್ತು. ಹೊಸ ಪುಸ್ತಕದಲ್ಲಿ ಆಪರೇಟರ್ ಎಂಬ ಕಾಲಮ್ಮು ತೆಗೆದು, ಏನಾಯಿತು, ಆಗ ಅಲ್ಲಿನ ಪರಿಸ್ಥಿತಿ ಏನಿತ್ತು, ಮುಂದೇನು ಎಂದು ಮೂರು ಮಾಡಿದೆವು. ಸಾಲಿನ ಕೊನೆಗೆ ನನ್ನ ಸಹಿ. ಆಫ್‌ಸೆಟ್ ಮುಟ್ಟಿದ ಮೇಲೆ ಮುಂದಿನ ಒಂದು ತುಂಡನ್ನು ಅಳೆಯದೆ ಇನ್ನೊಂದನ್ನು ಹಾಕಕೂಡದು, ಪಕ್ಕದ ಯಂತ್ರ ಹೊತ್ತಿ ಉರಿದರೂ ಸರಿ ಎಂಬ ನಿಯಮವನ್ನು ಅವರೇ ಮಾಡಿದರು. ಕೀಬೋರ್ಡಿನ ಇನ್‌ಪುಟ್ ಗುಂಡಿಯ ಮೇಲೆ ಕೆಂಪು ಇನ್ಸುಲೇಷನ್ ಟೇಪಿನ ಚೂರು ಅಂಟಿಸಿದವರು ಅಣ್ಣ. ಇಷ್ಟು ಸಣ್ಣ ಉಪಾಯ ನನ್ನ ತಲೆಗೆ ಏಕೆ ಹೊಳೆದಿರಲಿಲ್ಲ ಎಂದರೆ, ನಾನು ಕಾರಣವನ್ನು ಮನುಷ್ಯನಲ್ಲಿ ಹುಡುಕಿ, ಸಿಕ್ಕಿತೆಂದು ಪುಸ್ತಕ ಮುಚ್ಚಿದ್ದೆ.

ಮಾಲೀಕರಿಗೆ ಇದು ರುಚಿಸಲಿಲ್ಲ. "ಹೆಸರೇ ಇಲ್ಲದಿದ್ದರೆ ಭಯ ಎಲ್ಲಿರುತ್ತೆ?" ಎಂದರು. ಮಾತು ಹುರುಳಿಲ್ಲದ್ದೇನಲ್ಲ, ಹಣ ಅವರದು, ಗಿರಾಕಿಯ ಎದುರು ನಿಂತು ಮಾತು ಕೇಳುವವರೂ ಅವರೇ. ತಿಂಗಳುಗಟ್ಟಲೆ ಹಗ್ಗಜಗ್ಗಾಟದ ಮೇಲೆ, ಈ ಒಂದು ಸಾಲಿನ ಯಂತ್ರಗಳಿಗೆ ಮಾತ್ರ, ನಿಮ್ಮ ಮೇಲಿನ ಭರವಸೆಯ ಮೇಲೆ ಎಂದು ಒಪ್ಪಿದರು. ಆ ವರ್ಷದ ನನ್ನ ಇನ್‌ಕ್ರಿಮೆಂಟ್ ನೋಡಿದಾಗ ಭರವಸೆಯ ಬೆಲೆ ಎಷ್ಟೆಂದು ತಿಳಿಯಿತು. ಕೀಲಿಗಳು ಒಂದೊಂದಾಗಿ ವಾಪಸ್ ಹೋದವು, ಅಣ್ಣನದು ಎಲ್ಲರಿಗಿಂತ ಕೊನೆಗೆ.

ಕಾಯ್ದೆ, ಸಾಂಬಾರು, ಕಾಫಿ

ನಮ್ಮ ಕಾರ್ಖಾನೆಯಲ್ಲಿರುವುದು ಅರವತ್ತು ಜನ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ, ನೂರು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಸರ್ಕಾರ ಸೂಚಿಸಿದರೆ ಎರಡೂ ಕಡೆಯವರಿರುವ ವರ್ಕ್ಸ್ ಕಮಿಟಿ ರಚಿಸಬೇಕು, ಅದರಲ್ಲಿ ಕಾರ್ಮಿಕರ ಪ್ರತಿನಿಧಿಗಳು ಮಾಲೀಕರ ಕಡೆಯವರಿಗಿಂತ ಕಡಿಮೆ ಇರಬಾರದು ಎಂದು ಹೇಳಿತ್ತು. 1976ರ 42ನೇ ತಿದ್ದುಪಡಿ ಸಂವಿಧಾನಕ್ಕೆ 43ಎ ವಿಧಿ ಸೇರಿಸಿ, ಉದ್ಯಮದ ಆಡಳಿತದಲ್ಲಿ ಕಾರ್ಮಿಕರ ಭಾಗವಹಿಸುವಿಕೆಗೆ ಸರ್ಕಾರ ಕ್ರಮ ಕೈಗೊಳ್ಳಬೇಕೆಂದಿತು. ಸಾರ್ವಜನಿಕ ವಲಯದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದ ನಮ್ಮ ಮಾವನವರು ಅಂಥ ಕಮಿಟಿಯಲ್ಲಿ ಎರಡು ಅವಧಿ ಇದ್ದವರು. ಏನೇನು ತೀರ್ಮಾನ ಮಾಡಿದಿರಿ ಎಂದು ಕೇಳಿದರೆ, "ಕ್ಯಾಂಟೀನ್ ಸಾಂಬಾರಿಗೆ ಬೇಳೆ ಜಾಸ್ತಿ ಹಾಕಿಸಿದ್ವಿ" ಎಂದು ನಗುತ್ತಾರೆ. ಹಂಚುವವರು ಯಾವುದನ್ನು ಮೊದಲು ಹಂಚುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನಲ್ಲಿಲ್ಲ. ಆದರೂ ಆ ಬೇಳೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ, ತಿನ್ನುವವರು ಅವರಲ್ಲವೇ.

ಇನ್ನೊಂದು ತುದಿಯ ಉದಾಹರಣೆಯೂ ನಮ್ಮ ಊರಲ್ಲೇ ಇದೆ. ಕಾಫಿ ಬೋರ್ಡ್ ತನ್ನ ಕಾಫಿ ಹೌಸುಗಳನ್ನು ಮುಚ್ಚಿದಾಗ ಕೆಲಸ ಕಳೆದುಕೊಂಡ ನೌಕರರು, ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಒತ್ತಾಸೆಯಿಂದ ಸಹಕಾರ ಸಂಘ ಕಟ್ಟಿ ಅವನ್ನು ತಾವೇ ನಡೆಸಲು ಹೊರಟರು. ಅಂಥ ಮೊದಲ ಸಂಘ ಹುಟ್ಟಿದ್ದು 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ. ಎಂ.ಜಿ. ರಸ್ತೆಯಲ್ಲಿದ್ದ ಅದರ ಕಾಫಿ ಹೌಸ್ 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಬಂತು. ಅಲ್ಲಿ ಪೇಟ ಕಟ್ಟಿದವರು ತಂದಿಟ್ಟ ಕಾಫಿ ಕುಡಿಯುತ್ತ, ತಂದಿಡುವವರೇ ಸಂಘದ ಸದಸ್ಯರೂ ಆಗಿರುವ ಕಡೆ ಲೋಟ ಒಡೆದರೆ ಯಾವ ಪುಸ್ತಕದಲ್ಲಿ ಹೇಗೆ ಬರೆಯುತ್ತಾರೋ ಎಂದು ಯೋಚಿಸಿದ್ದೇನೆ. ಕೇಳಲು ಸಂಕೋಚವಾಗಿ ಕೇಳಿಲ್ಲ.

ಎಳ್ಳಮಾವಾಸ್ಯೆ

ಕೀಲಿಯ ಸಂಗತಿ ಒಂದು ಹದಕ್ಕೆ ಬಂದ ಮೇಲೆ ನನಗೆ ಸ್ವಲ್ಪ ಹುರುಪು ಹೆಚ್ಚಾಯಿತು. ಹಬ್ಬದ ಸುತ್ತಮುತ್ತ ಯಾರಿಗೆ ಹೆಚ್ಚುವರಿ ರಜೆ ಎಂಬ ಪಟ್ಟಿ ನಮ್ಮಲ್ಲಿ ಪ್ರತಿವರ್ಷದ ಜಗಳ. ಅದನ್ನೂ ನೀವೇ ಕೂತು ಮಾಡಿಕೊಳ್ಳಿ ಎಂದು ಬಿಟ್ಟೆ. ಪಾಳಿ ಮುಗಿದ ಮೇಲೆ ಅರ್ಧ ಗಂಟೆ ಕೂತು ಪಟ್ಟಿ ಮಾಡಿ ತಂದರು. ಯುಗಾದಿ, ಗೌರಿ ಗಣೇಶ, ಆಯುಧಪೂಜೆ, ದೀಪಾವಳಿ, ಎಲ್ಲ ಅಚ್ಚುಕಟ್ಟಾಗಿತ್ತು, ನಾನು ಮಾಡಿದ್ದಕ್ಕಿಂತ ಬೇಗ ಆಗಿತ್ತು. ಬೀಗುತ್ತ ನೋಟಿಸ್ ಬೋರ್ಡಿಗೆ ಹಾಕಿಸಿದೆ.

ಎರಡು ದಿನದ ಮೇಲೆ ಕಲಬುರಗಿ ಕಡೆಯ ಹುಡುಗನೊಬ್ಬ ನನ್ನ ಮೇಜಿನ ಬಳಿ ಬಂದು ನಿಂತ. "ಸರ್, ನಮ್ಮ ಕಡಿ ಎಳ್ಳಮಾಸಿಗಿ ಹೊಲಕ್ಕ ಹೋಗದಿದ್ರ ನಡಿಯಂಗಿಲ್ರಿ" ಎಂದ. ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಸಜ್ಜೆ ರೊಟ್ಟಿ, ಭಜ್ಜಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವ, ಅಂದರೆ ಆ ಅಡುಗೆಯನ್ನು ಭೂಮಿತಾಯಿಗೆ ಎಡೆಯಾಗಿ ಎರಚುವ, ಹಬ್ಬ ಅವರಿಗೆ ದೀಪಾವಳಿಗಿಂತ ಕಡಿಮೆಯದಲ್ಲ ಎಂಬುದು, ತುಮಕೂರಿನ ಆಚೆಗೆ ಹೆಚ್ಚು ಹೋಗದ ನನಗೆ ಅಂದು ತಿಳಿಯಿತು. ಪಟ್ಟಿಯಲ್ಲಿ ಆ ಹಬ್ಬದ ಹೆಸರೇ ಇರಲಿಲ್ಲ. ಕೂತು ತೀರ್ಮಾನಿಸಿದ ಎಂಟು ಮಂದಿ ತುಮಕೂರು, ಹಾಸನ, ಮಂಡ್ಯ ಕಡೆಯ ಹಿರಿಯರು. ಇನ್‌ಸ್ಪೆಕ್ಷನ್ನಿನ ಮೂವರು ಹೆಣ್ಣುಮಕ್ಕಳು ಪಾಳಿ ಮುಗಿದ ಕೂಡಲೇ ಬಸ್ಸಿಗೆ ಓಡುವವರಾದ್ದರಿಂದ ಸಭೆಗೇ ಇರಲಿಲ್ಲ.

"ಮೀಟಿಂಗಲ್ಲಿ ಹೇಳಬಹುದಿತ್ತಲ್ಲ" ಎಂದೆ.

"ಯಾರೂ ಕೇಳ್ಲಿಲ್ರಿ. ಮೊದಲಾದ್ರ ನಿಮ್ಮ ಹತ್ರ ಬಂದು ಕೇಳ್ತಿದ್ವಿರಿ. ಈಗ ಯಾರ ಹತ್ರ ಕೇಳೂದು?"

ನಾನು ಅಧಿಕಾರ ಹಂಚಿದ್ದೇನೆಂದು ಬೀಗುತ್ತಿದ್ದೆ. ಅವನ ಪಾಲಿಗೆ ನಡೆದದ್ದು ಇಷ್ಟೇ, ಕಾಡಿಬೇಡಿ ಒಪ್ಪಿಸಬಹುದಾದ ಒಬ್ಬನ ಜಾಗದಲ್ಲಿ, ಬಾಗಿಲೇ ಇಲ್ಲದ ಎಂಟು ಜನ ಬಂದು ಕೂತಿದ್ದರು. ಕಾರ್ಮಿಕರು ಎಂಬ ಒಂದು ಪದದೊಳಗೆ ಎಷ್ಟು ಮೆಟ್ಟಿಲುಗಳಿವೆ ಎಂಬುದು ಮೇಲೆ ನಿಂತವನಿಗೆ ಕಾಣುವುದಿಲ್ಲ. ಪಟ್ಟಿಯನ್ನು ವಾಪಸ್ ಕೊಟ್ಟು, ಕೂರುವ ಮುಂಚೆ ಅರವತ್ತು ಜನರಿಂದಲೂ ಚೀಟಿ ಬರೆಸಿಕೊಳ್ಳಿ, ಕೆಲಸದ ಹೊತ್ತಿನಲ್ಲೇ ಕೂರಿ, ಇನ್‌ಸ್ಪೆಕ್ಷನ್ನಿನಿಂದ ಒಬ್ಬರು, ದೂರದ ಊರಿನವರಿಂದ ಇಬ್ಬರು ಇರಲಿ ಎಂದೆ. ಅಣ್ಣನಿಗೆ ಇದು ಸರಿಬರಲಿಲ್ಲ. "ಕೊಟ್ಟ ಮೇಲೆ ಕೈ ಹಾಕಬಾರ್ದು ಸರ್" ಎಂದರು. ಅವರ ಮಾತು ಸುಳ್ಳಲ್ಲ. ಕೊಟ್ಟು ಕಸಿಯುವವನ ಮಾತಿಗೆ ಮುಂದಿನ ಸಲ ತೂಕವಿರುವುದಿಲ್ಲ. ಆದರೆ ಅಂದು ಕೈ ಹಾಕದಿದ್ದರೆ ಆ ಹುಡುಗನ ಎದುರು ನನಗೆ ತೂಕವಿರುತ್ತಿರಲಿಲ್ಲ. ಯಾರು ಯಾರು ಕೂರಬೇಕು ಎಂಬುದನ್ನು ನಾನು ಮೊದಲೇ ಹೇಳಿ ಕೊಡಬೇಕಿತ್ತು. ಹೇಳದೆ ಕೊಟ್ಟದ್ದು ನನ್ನ ಸೋಮಾರಿತನ, ಅದನ್ನು ನಾನು ಉದಾರತೆಯೆಂದು ತಿಳಿದಿದ್ದೆ. ಅಣ್ಣ ಆ ವಿಷಯದಲ್ಲಿ ಇಂದಿಗೂ ನನ್ನೊಡನೆ ಪೂರ್ತಿ ರಾಜಿಯಾಗಿಲ್ಲ.

ಸಂಬಳ, ಓವರ್‌ಟೈಮಿನ ದರ, ಯಾರನ್ನು ಕಾಂಟ್ರಾಕ್ಟ್ ಮೇಲೆ ತರುವುದು, ಯಾರನ್ನು ಬಿಡುವುದು, ಇವು ಯಾವುವೂ ನನ್ನ ಕೈಯಲ್ಲಿಲ್ಲ, ಹಾಗಾಗಿ ಹಂಚಲೂ ಬರುವುದಿಲ್ಲ. ಮೇಲ್ವಿಚಾರಕನೆಂದರೆ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ. ಒಬ್ಬರಿಗೆ ಎಷ್ಟು ಯಂತ್ರ ಎಂಬುದನ್ನು ಮಾತ್ರ ಈಗ ನಾನು ಒಬ್ಬನೇ ತೀರ್ಮಾನಿಸುವುದಿಲ್ಲ. ವಾರದ ಮೊದಲ ದಿನ ಬೋರ್ಡಿನ ಮುಂದೆ ನಿಂತು ಅವರೊಡನೆ ಚೌಕಾಸಿ ಮಾಡುತ್ತೇನೆ. ಕೆಲವು ವಾರ ನಾನು ಗೆಲ್ಲುತ್ತೇನೆ.

ಹೋದ ತಿಂಗಳು ಒಂದು ಬೆಳಿಗ್ಗೆ ಬಂದಾಗ ಗಿರಾಕಿಯ ಗಾಡಿ ಗೇಟಿನಲ್ಲಿ ನಿಂತಿತ್ತು, ಮಾಲು ಪೂರ್ತಿಯಾಗಿರಲಿಲ್ಲ. ರಾತ್ರಿ ಪಾಳಿಯಲ್ಲಿ ಆ ಕಲಬುರಗಿಯ ಹುಡುಗ ಯಂತ್ರವನ್ನು ನಲವತ್ತು ನಿಮಿಷ ನಿಲ್ಲಿಸಿದ್ದ. ಪುಸ್ತಕದಲ್ಲಿ ದುಂಡನೆಯ ಅಕ್ಷರದಲ್ಲಿ ಬರೆದಿದ್ದ: ಬೋರ್ ಅಳತೆಯಲ್ಲಿದೆ, ಆದರೆ ಇನ್ಸರ್ಟ್ ಸದ್ದು ಸರಿಯಿಲ್ಲ, ಬದಲಿಸಿ ಮತ್ತೆ ಸೆಟ್ ಮಾಡಿದೆ. ತೆಗೆದಿಟ್ಟ ಹಳೆಯ ಇನ್ಸರ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದೆ. ಅಂಚು ಸವೆದಿತ್ತು, ಒಡೆದಿರಲಿಲ್ಲ. ಇನ್ನೂ ಮೂವತ್ತು ತುಂಡು ಬರುತ್ತಿತ್ತೇನೋ.

ಮಾಲೀಕರು ಗೇಟಿನಿಂದ ನೇರ ನನ್ನ ಬಳಿ ಬಂದರು. "ನಿಲ್ಲಿಸೋ ಅಗತ್ಯ ಇತ್ತೇನ್ರೀ? ನೀವಾಗಿದ್ರೆ ನಿಲ್ಲಿಸ್ತಿದ್ರಾ?"

"ಇಲ್ಲ ಸರ್, ಓಡಿಸ್ತಿದ್ದೆ" ಎಂದೆ.

"ಮತ್ತೆ?"

"ನಾನು ಅಲ್ಲಿರಲಿಲ್ಲ ಸರ್."

ಅವರು ನನ್ನ ಮುಖ ನೋಡಿ, ಗಾಡಿಯವನಿಗೆ ಟೀ ಕೊಡಿಸಲು ಹೇಳಿ ಒಳಗೆ ಹೋದರು. ನಾನು ಪುಸ್ತಕ ತೆಗೆದು ಆ ಸಾಲಿನ ಕೊನೆಗೆ ಸಹಿ ಹಾಕಿದೆ, ಇನ್ಸರ್ಟನ್ನು ಡಬ್ಬಿಗೆ ಹಾಕಿದೆ.